ಅಕ್ಷರದ ಕೋಡುಬಳೆ



ಇದು ಅಡುಗೆಯ ಪಾಠ. ಇದರಲ್ಲಿ ಅಕ್ಷರವೂ ಇದೆ, ಲೆಕ್ಕವೂ ಇದೆ. ಕೈಗೆ ಹಿಟ್ಟು ಹತ್ತಿದ್ದರೂ ಓದಬಹುದು. ಪುಸ್ತಕವನ್ನು ಮಾತ್ರ ಎಣ್ಣೆಯಿಂದ ದೂರ ಇಡಿ.

ಫೆಬ್ರವರಿ ತಿಂಗಳು ಬಂತು ಅಂದರೆ ಹೈಸ್ಕೂಲಿನಲ್ಲಿ ಒಂದು ದಿನ ಬರುತ್ತದೆ. ಹತ್ತನೇ ತರಗತಿಯ ಮಕ್ಕಳನ್ನು ಬೀಳ್ಕೊಡುವ ದಿನ. ಮಕ್ಕಳು ಅದಕ್ಕೆ ‘ಸೆಂಡಾಫ್’ ಅನ್ನುತ್ತಾರೆ. ಹುಡುಗಿಯರು ಸೀರೆ ಉಡುತ್ತಾರೆ. ಅವ್ವನ ಸೀರೆ, ಅಕ್ಕನ ಸೀರೆ, ಇಲ್ಲವೇ ಮಗ್ಗಲ ಮನೆಯಾಕಿಯ ಸೀರೆ. ಫೋಟೋ ತೆಗೆಸುತ್ತಾರೆ. ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾರೆ. ಆಮೇಲೆ ತಿಂಡಿ.

“ಯವ್ವಾ, ಈ ಸಲ ಏನ್ ಕೊಡೋದು?” ಅಂತ ಮಗಳು ಕೇಳುತ್ತಾಳೆ. “ಕೇಕ್ ತರಸೋಣು. ಚಿಪ್ಸ್ ತರಸೋಣು” ಅಂತ ಅವಳೇ ಹೇಳುತ್ತಾಳೆ.

ಹಿರೇಕೊಟ್ನೆಕಲ್‌ನಿಂದ ಯಾರಾದರೂ ಮಾನ್ವಿಗೆ ಹೋಗಿ ಕೇಕ್ ತರಬೇಕು. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಫೆಬ್ರವರಿ ಮುಗಿಯುವಾಗಲೇ ಮಧ್ಯಾಹ್ನ ನೆತ್ತಿ ಸುಡುತ್ತದೆ. ಕೇಕಿನ ಮೇಲಿನ ಕೆನೆ ದಾರಿಯಲ್ಲೇ ಕರಗುತ್ತದೆ. ಹುಳಿಯಾಗಲೂಬಹುದು. 40 ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಎರಡು ಬೆರಳಿನಷ್ಟೂ ಬರುವುದಿಲ್ಲ. ಕೇಕು ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಈ ಬಿಸಿಲಿಗೆ, ಈ ದೂರಕ್ಕೆ ಅದು ಹೊಂದುವುದಿಲ್ಲ, ಅಷ್ಟೆ.

ಹಾಗಾದರೆ ಏನು ಮಾಡೋಣ? ಕೈಯಲ್ಲಿ ಹಿಡಿದು, ನಿಂತುಕೊಂಡೇ ತಿನ್ನುವ ಒಣ ತಿಂಡಿ ಮಾಡೋಣ. ಅದಕ್ಕೆ ಶಾಲೆಯ ರೂಪ ಕೊಡೋಣ. ಅಕ್ಷರದ ಕೋಡುಬಳೆ, ಪಾಟಿಯ ಚಿಕ್ಕಿ, ಟೊಪ್ಪಿಗೆಯ ಉಂಡಿ, ಸರ್ಟಿಫಿಕೇಟಿನ ಸುರುಳಿ. ನೋಡಿದ ಕೂಡಲೇ ಮಕ್ಕಳು ನಗಬೇಕು.

ರೂಪ ಕೊಡುವ ಕೈ ನಮ್ಮದು

“ಇಂಥಾವೆಲ್ಲ ಪ್ಯಾಟಿ ಮಂದಿ ಮಾಡ್ತಾರ, ನಮಗ್ಯಾಕ ಬರ್ತಾವ?” ಅಂತ ಒಬ್ಬಾಕಿ ಅನ್ನಬಹುದು.

ಸ್ವಲ್ಪ ನೆನಪು ಮಾಡಿಕೊಳ್ಳಿ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಯಾರು ಮಾಡುತ್ತಾರೆ? ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದರೆ ಆನೆ, ಕುದುರೆ, ಗಿಳಿ, ತೇರು ಎದ್ದು ಬರುತ್ತವೆ. ಮೊಹರಂ ಹಬ್ಬಕ್ಕೆ ಚೊಂಗೆ ಮಾಡುತ್ತಾರೆ. ಅದರ ಮೇಲೆ ಅಚ್ಚಿನ ಮಣೆ ಒತ್ತಿ ಚಿತ್ತಾರ ಮೂಡಿಸುತ್ತಾರೆ. ಮದುವೆಗೆ ಗವಲಿ, ಪರಡಿ ಅಂತ ಹಿಟ್ಟನ್ನು ಬೆರಳಿನಿಂದ ಹೊಸೆದು ಸಣ್ಣ ಸಣ್ಣ ರೂಪ ಮಾಡುತ್ತಾರೆ. ಪಂಚಮಿಗೆ ಎಷ್ಟು ಬಗೆಯ ಉಂಡಿ! ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ. ಹಿಟ್ಟಿಗೆ ರೂಪ ಕೊಡುವುದನ್ನು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೊಸದು ಯಾವುದು ಅಂದರೆ ಅಕ್ಷರ. ಅದೂ ಈಗ ನಿಮಗೆ ಬರುತ್ತದೆ.

ತಿನ್ನುವ ಅಕ್ಷರ ಬೇರೆ ದೇಶಗಳಲ್ಲಿಯೂ ಇದೆ. ನೆದರ್ಲೆಂಡ್ ಎಂಬ ದೇಶದಲ್ಲಿ ಡಿಸೆಂಬರ್ 5ರಂದು ಒಂದು ಹಬ್ಬ. ಆಗ ಮಕ್ಕಳಿಗೆ ಅವರ ಹೆಸರಿನ ಮೊದಲ ಅಕ್ಷರವನ್ನು ಚಾಕೊಲೇಟಿನಲ್ಲಿ ಮಾಡಿ ಕೊಡುತ್ತಾರೆ. ಯಹೂದಿ ಜನರಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಮಗು ಮೊದಲ ಸಲ ಓದಲು ಕುಳಿತಾಗ ಪಾಟಿಯ ಅಕ್ಷರಕ್ಕೆ ಜೇನು ಸವರುತ್ತಿದ್ದರು. ಮಗು ಅದನ್ನು ನೆಕ್ಕುತ್ತಿತ್ತು. ಅಕ್ಷರ ಅಂದರೆ ಸಿಹಿ ಅಂತ ಮಗುವಿಗೆ ಗೊತ್ತಾಗಬೇಕಲ್ಲ! ನಮ್ಮಲ್ಲಿಯೂ ಅಕ್ಕಿ ಹರವಿದ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುತ್ತಾರೆ. ಶಾಲೆಯ ಬಿಸಿಯೂಟಕ್ಕೆ ನಮ್ಮ ರಾಜ್ಯದಲ್ಲಿ ಇಟ್ಟ ಹೆಸರು ಏನು? ಅಕ್ಷರ ದಾಸೋಹ. 2002ರಲ್ಲಿ ಅದು ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯೂ ಒಂದು. ಅಕ್ಷರಕ್ಕೂ ಅನ್ನಕ್ಕೂ ನಂಟು ಹಳೆಯದು.

ಹಿಟ್ಟು ಎಷ್ಟು ಬೇಕು?

ಮೊದಲು ಲೆಕ್ಕ. ತರಗತಿಯಲ್ಲಿ 40 ಮಕ್ಕಳು ಇದ್ದಾರೆ ಅಂದುಕೊಳ್ಳಿ. ಒಬ್ಬರಿಗೆ ಎರಡು ಕೋಡುಬಳೆ. 40ನ್ನು 2ರಿಂದ ಗುಣಿಸಿರಿ. 80 ಆಯಿತು. ಕೆಲವು ಮುರಿಯುತ್ತವೆ. ಕೆಲವನ್ನು ಮನೆಯ ಸಣ್ಣ ಮಕ್ಕಳು ಒಲೆಯ ಮುಂದೆಯೇ ಮುಗಿಸುತ್ತಾರೆ. ಅದಕ್ಕೆ 15 ಹೆಚ್ಚಿಗೆ ಹಿಡಿಯಿರಿ. ಒಟ್ಟು 95.

ಒಂದು ಅಕ್ಷರಕ್ಕೆ ದೊಡ್ಡ ಬಾರಿಹಣ್ಣಿನಷ್ಟು ಹಿಟ್ಟು ಬೇಕು. ಅಂದರೆ ಸುಮಾರು 20 ಗ್ರಾಂ. ಒಂದು ಕಿಲೋ ಅಕ್ಕಿ ಹಿಟ್ಟು, ಕಾಲು ಕಿಲೋ ಪುಠಾಣಿ ಹಿಟ್ಟು ಸೇರಿಸಿ ನಾದಿದರೆ ನೀರು, ಎಣ್ಣೆ ಕೂಡಿ ಎರಡು ಕಿಲೋ ಆಗುತ್ತದೆ. ಎರಡು ಕಿಲೋ ಅಂದರೆ 2000 ಗ್ರಾಂ. ಅದನ್ನು 20ರಿಂದ ಭಾಗಿಸಿರಿ. 100 ಬಂತು. ನಮಗೆ ಬೇಕಾದದ್ದು 95. ಸಾಕಾಯಿತು.

ಅಕ್ಕಿಗೆ ಕೊರತೆ ಇಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ, ಸಿಂಧನೂರು ಸೀಮೆ ಭತ್ತದ ಸೀಮೆ ಆಗಿದೆ. ಕೋಡುಬಳೆಗೆ ಹಳೆಯ ಅಕ್ಕಿ ಒಳ್ಳೆಯದು. ಹೊಸ ಅಕ್ಕಿಯ ಹಿಟ್ಟು ಅಂಟುತ್ತದೆ. ಅಕ್ಷರದ ಗೆರೆ ಬಾಗಿ ಕೂಡಿಬಿಡುತ್ತದೆ.

ಅಕ್ಕಿ ಹಿಟ್ಟು, ಪುಠಾಣಿ ಹಿಟ್ಟು ಎರಡನ್ನೂ ಸೋಸಿ ಬೆರೆಸಿರಿ. ಎರಡು ಚಮಚ ಖಾರಪುಡಿ, ರುಚಿಗೆ ಉಪ್ಪು, ಸ್ವಲ್ಪ ಅಜವಾನ, ಚಿಟಿಕೆ ಇಂಗು, ಒಂದು ಹಿಡಿ ಬಿಳಿ ಎಳ್ಳು ಹಾಕಿರಿ. ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕಿದರೆ ವಾಸನೆ ಏಳುತ್ತದೆ. ಒಂದು ಸಣ್ಣ ಬಟ್ಟಲು ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಹಿಟ್ಟಿನ ಮೇಲೆ ಹೊಯ್ಯಿರಿ. ಚುರ್ ಅನ್ನಬೇಕು. ಚಮಚದಿಂದ ಕಲಸಿರಿ, ಕೈ ಸುಟ್ಟುಕೊಳ್ಳಬೇಡಿ. ಆಮೇಲೆ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಿ. ಉಂಡಿಯ ಹಾಗೆ ನಿಂತರೆ ಎಣ್ಣೆ ಸಾಕು. ಉದುರಿದರೆ ಇನ್ನೊಂದು ಚಮಚ ಬೇಕು. ಎಣ್ಣೆ ಹೆಚ್ಚಾದರೆ ಕರಿಯುವಾಗ ಅಕ್ಷರ ಬಿಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಹಲ್ಲಿಗೆ ಕಲ್ಲು.

ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪ ಹಾಕಿ ನಾದಿರಿ. ಒಮ್ಮೆಗೇ ಸುರಿಯಬೇಡಿ. ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಬೇಡಿ. ಮೂರು ಪಾಲು ಮಾಡಿಕೊಳ್ಳಿ. ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿರಿ. ಒಣಗಿದ ಹಿಟ್ಟಿನಿಂದ ಅಕ್ಷರ ತಿರುವಿದರೆ ಬಿರುಕು ಬಿಡುತ್ತದೆ.

ಹಿಟ್ಟಿನಲ್ಲಿ ಬರೆಯುವುದು

ಇದು ಈ ಪಾಠದ ಮುಖ್ಯ ಭಾಗ. ನಿಧಾನವಾಗಿ ಓದಿರಿ.

ನಮ್ಮ ಕನ್ನಡದ ಅಕ್ಷರ ದುಂಡು. ಇಂಗ್ಲಿಷಿನಲ್ಲಿ ಉದ್ದ ಗೆರೆ, ಅಡ್ಡ ಗೆರೆ, ಮೂಲೆ ಬಹಳ. ಹಿಟ್ಟಿಗೆ ಮೂಲೆ ಅಂದರೆ ಆಗುವುದಿಲ್ಲ. ಅಲ್ಲೇ ಮುರಿಯುತ್ತದೆ. ದುಂಡು ಅಂದರೆ ಅದಕ್ಕೆ ಖುಷಿ. ಹೀಗಾಗಿ ಕನ್ನಡ ಅಕ್ಷರಕ್ಕೂ ಕೋಡುಬಳೆಗೂ ಚೆನ್ನಾಗಿ ಹೊಂದುತ್ತದೆ. ನಿಜ ಹೇಳಬೇಕೆಂದರೆ, ಅಕ್ಷರ ಬರದ ಕಾಲದಲ್ಲಿಯೂ ನೀವು ಒಂದು ಗುರುತು ಮಾಡುತ್ತಿದ್ದಿರಿ. ಸಾದಾ ಕೋಡುಬಳೆಯನ್ನು ನೋಡಿರಿ. ಅದು ಸೊನ್ನೆ! ಅಂ ಅಕ್ಷರದ ಮುಂದೆ ಇಡುವ ಸೊನ್ನೆ ಅದೇ. ಹತ್ತರಲ್ಲಿ ಬರುವ ಸೊನ್ನೆಯೂ ಅದೇ.

ಹಿಟ್ಟನ್ನು ಮಣೆಯ ಮೇಲೆ ಅಂಗೈಯಿಂದ ಹೊಸೆಯಿರಿ. ಕಿರುಬೆರಳಿನಷ್ಟು ದಪ್ಪ, ಒಂದು ಗೇಣಿನಷ್ಟು ಉದ್ದ ಹುರಿ ಆಗಬೇಕು. ಬಾಳೆ ಎಲೆಯ ಸಣ್ಣ ತುಂಡಿಗೆ ಎಣ್ಣೆ ಸವರಿ ಅದರ ಮೇಲೆ ಹುರಿಯನ್ನು ಅಕ್ಷರದ ಹಾಗೆ ಬಾಗಿಸಿರಿ. ಎಲೆಯ ಮೇಲಿನಿಂದ ಅಕ್ಷರವನ್ನು ಮೆಲ್ಲಗೆ ಎಣ್ಣೆಗೆ ಜಾರಿಸಬಹುದು. ಕೈಯಲ್ಲಿ ಎತ್ತಿದರೆ ರೂಪ ಕೆಡುತ್ತದೆ.

ಮೊದಲ ದಿನ ಸುಲಭದ್ದನ್ನು ಮಾಡಿರಿ. ಠ ಸುಲಭ. ಒಂದು ದುಂಡು, ನಡುವೆ ಒಂದು ಚುಕ್ಕಿ. ಗ ಸುಲಭ. ಕಮಾನಿನ ಹಾಗೆ ಬಾಗಿಸಿ ಮೇಲೆ ತಲೆಕಟ್ಟು ಇಟ್ಟರೆ ಆಯಿತು. ರ ಕೂಡ ಬೇಗ ಬರುತ್ತದೆ. ಮ ಮತ್ತು ಯ ಮಾಡಲು ಹುರಿ ಉದ್ದ ಬೇಕು, ಸುರುಳಿ ಜಾಸ್ತಿ. ಅವನ್ನು ಎರಡನೆಯ ದಿನಕ್ಕೆ ಇಡಿ. ಕ ಸ್ವಲ್ಪ ಹಟಮಾರಿ. ಅಡ್ಡ ಗೆರೆ ಬೇರೆ, ಕೆಳಗಿನ ದುಂಡು ಬೇರೆ. ಎರಡೂ ಸೇರುವಲ್ಲಿ ಒಂದು ಹನಿ ನೀರು ಹಚ್ಚಿ ಒತ್ತಬೇಕು.

ತಲೆಕಟ್ಟನ್ನು ಮರೆಯಬೇಡಿ. ಹಿಟ್ಟಿನಲ್ಲಿ ಮಾಡುವಾಗ ತಲೆಕಟ್ಟು ಉದುರುವುದು ಸಾಮಾನ್ಯ. ಅದನ್ನು ಬೇರೆ ತುಂಡಿನಿಂದ ಅಂಟಿಸಬೇಡಿ. ಆದಷ್ಟೂ ಅದೇ ಹುರಿಯ ಕೊನೆಯನ್ನು ಎಳೆದು ತಲೆಕಟ್ಟು ಮಾಡಿರಿ.

ಈಗ ಒತ್ತಕ್ಷರ. ಇಲ್ಲಿ ಎಲ್ಲರೂ ಸೋಲುತ್ತಾರೆ. ಕೆಳಗೆ ಅಂಟಿಸಿದ ಒತ್ತು ಎಣ್ಣೆಗೆ ಬಿದ್ದ ಕೂಡಲೇ ಕಳಚಿ ಬೇರೆ ದಿಕ್ಕಿಗೆ ಈಜಿಕೊಂಡು ಹೋಗುತ್ತದೆ! ಅದಕ್ಕೊಂದು ಉಪಾಯ ಇದೆ. ಒತ್ತನ್ನು ಅಂಟಿಸಲೇಬೇಡಿ. ಬಿಡಿಯಾಗಿಯೇ ಕರಿಯಿರಿ. ತಟ್ಟೆಯಲ್ಲಿ ಜೋಡಿಸುವಾಗ ಅಕ್ಷರದ ಕೆಳಗೆ ತಂದು ಇಡಿ. ಕಾಗುಣಿತಕ್ಕೂ ಹೀಗೆಯೇ. ಕೊಂಬು, ದೀರ್ಘ, ಐತ್ವ ಎಲ್ಲವನ್ನೂ ಬಿಡಿ ಮಾಡಿ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಒಂದು ಮಾತು ಗಮನಿಸಿದಿರಾ? ನಮ್ಮ ಓಣಿಯ ತಾಯಂದಿರ ಹೆಸರು ನೋಡಿರಿ. ಹುಲಿಗೆಮ್ಮ, ಈರಮ್ಮ, ದುರುಗಮ್ಮ, ಮಾರೆಮ್ಮ, ಬಸಮ್ಮ. ಎಲ್ಲದರ ಕೊನೆಗೂ ಮ್ಮ. ಒಂದು ಮ, ಅದರ ಕೆಳಗೆ ಮದ ಒತ್ತು. ಇದೊಂದನ್ನು ಹಿಟ್ಟಿನಲ್ಲಿ ಮಾಡಲು ಕೈ ಕೂತರೆ ಅರ್ಧ ಊರಿನ ಹೆಸರು ಮುಗಿಯಿತು. ಹೆಣ್ಣುಮಕ್ಕಳ ಹೆಸರು ಈಗ ಹಾಗಿಲ್ಲ. ಐಶ್ವರ್ಯ, ಭಾಗ್ಯಶ್ರೀ, ಲಕ್ಷ್ಮಿ, ರಜಿಯಾ. ಲಕ್ಷ್ಮಿ ಬರೆಯುವುದು ಕಾಗದದ ಮೇಲೆಯೇ ಕಷ್ಟ. ಕ್ಷದ ಕೆಳಗೆ ಮದ ಒತ್ತು ಬೇರೆ. ಅದಕ್ಕೇ ಒಬ್ಬೊಬ್ಬರಿಗೆ ಹೆಸರಿನ ಮೊದಲ ಅಕ್ಷರ ಒಂದೇ ಸಾಕು. ಲಕ್ಷ್ಮಿಗೆ ಲ, ರಜಿಯಾಗೆ ರ, ಭಾಗ್ಯಶ್ರೀಗೆ ಭಾ. ಐಶ್ವರ್ಯಾಗೆ ಐ.

ಹಾಗಾದರೆ ಎರಡನೆಯ ಕೋಡುಬಳೆ ಯಾವುದು? ಹತ್ತನೇ ತರಗತಿ ಅಲ್ಲವೇ? ಅರ್ಧ ಮಕ್ಕಳಿಗೆ ೧, ಅರ್ಧ ಮಕ್ಕಳಿಗೆ ೦ ಕೊಡಿರಿ. ತಿನ್ನುವ ಮೊದಲು ಜೊತೆ ಹುಡುಕಿ ೧೦ ಮಾಡಬೇಕು ಅಂತ ಹೇಳಿರಿ. ಆಟವೂ ಆಯಿತು. ೦ ಮಾಡುವುದು ಸಲೀಸು, ಹೀಗಾಗಿ ನಿಮ್ಮ ಕೆಲಸವೂ ಹಗುರ.

ಕರಿಯುವಾಗ ಎಣ್ಣೆ ಹದ ನೋಡಿರಿ. ಸಾಸಿವೆಯಷ್ಟು ಹಿಟ್ಟು ಹಾಕಿದರೆ ಅದು ನಿಧಾನವಾಗಿ ಮೇಲೆ ಬರಬೇಕು. ಥಟ್ಟನೆ ಬಂದು ಕಪ್ಪಾದರೆ ಉರಿ ಜಾಸ್ತಿ. ಹೊರಗೆ ಕೆಂಪು, ಒಳಗೆ ಹಸಿ ಆಗುತ್ತದೆ. ಹಸಿ ಉಳಿದ ಕೋಡುಬಳೆ ಮರುದಿನ ಮೆತ್ತಗಾಗುತ್ತದೆ. ಉರಿ ಸಣ್ಣಗೆ ಇಡಿ. ನೊರೆ ನಿಲ್ಲುವ ತನಕ ಕಾಯಿರಿ. ಒಂದು ಸಲಕ್ಕೆ ಐದಾರು ಅಕ್ಷರ ಸಾಕು. ಗುಂಪು ಮಾಡಿದರೆ ಅವು ಒಂದಕ್ಕೊಂದು ತಾಗಿ ಯಾರಿಗೂ ಓದಲು ಬಾರದ ಒತ್ತಕ್ಷರ ಆಗುತ್ತವೆ.

ಅಕ್ಷರವನ್ನು ಎಣ್ಣೆಯಲ್ಲಿ ಮಗುಚಿದಾಗ ಅದು ತಿರುಗುಮುರುಗು ಕಾಣುತ್ತದೆ. ಕನ್ನಡಿಯಲ್ಲಿ ನೋಡಿದ ಹಾಗೆ. ಹೆದರಬೇಡಿ. ತಟ್ಟೆಗೆ ಹಾಕುವಾಗ ಮತ್ತೆ ಮಗುಚಿದರೆ ಸರಿಯಾಗುತ್ತದೆ. ಹಿಂದೆ ಪುಸ್ತಕ ಅಚ್ಚು ಹಾಕುತ್ತಿದ್ದ ಸೀಸದ ಮೊಳೆಗಳಲ್ಲಿಯೂ ಅಕ್ಷರ ಹೀಗೇ ಉಲ್ಟಾ ಇರುತ್ತಿತ್ತು. ಕಾಗದಕ್ಕೆ ಒತ್ತಿದಾಗ ನೇರ ಆಗುತ್ತಿತ್ತು.

ಪಾಟಿ, ಟೊಪ್ಪಿಗೆ, ಸುರುಳಿ

ಪಾಟಿ ಕಪ್ಪಗೆ ಇರಬೇಕು. ಕರಿ ಎಳ್ಳಿನ ಚಿಕ್ಕಿ ಮಾಡಿದರೆ ಥೇಟ್ ಪಾಟಿ. ಆದರೆ ಮನೆಯ ಹಿರಿಯಾಕಿ, “ಕರಿ ಎಳ್ಳು ಹಿರಿಯರ ದಿನಕ್ಕ ಬಳಸೋದು, ಮಕ್ಕಳ ಸಂತೋಷಕ್ಕ ಯಾಕವ್ವಾ?” ಅನ್ನಬಹುದು. ವಾದ ಬೇಡ. ಗುರೆಳ್ಳು ಇದೆಯಲ್ಲ! ಅದೂ ಕಪ್ಪು. ಒಂದು ಪಾಲು ಗುರೆಳ್ಳು, ಒಂದು ಪಾಲು ಬಿಳಿ ಎಳ್ಳು ಹುರಿದು ತುಸು ಕುಟ್ಟಿ ಬೆರೆಸಿರಿ. ಗುರೆಳ್ಳು ಒಂದೇ ಆದರೆ ಸ್ವಲ್ಪ ಕಹಿ. ಕಾಲು ಕಿಲೋ ಕಾಳಿಗೆ ಕಾಲು ಕಿಲೋ ಬೆಲ್ಲ. ಬೆಲ್ಲ ಕರಗಿಸಿ ಸೋಸಿ ಪಾಕ ಮಾಡಿರಿ. ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ತೆಗೆದು ಮುರಿಯಿರಿ. ‘ಟಕ್’ ಅಂತ ಸಪ್ಪಳ ಬಂದರೆ ಹದ ಬಂತು. ಮೆತ್ತಗೆ ಎಳೆದರೆ ಇನ್ನೂ ಕುದಿಯಬೇಕು. ಕಾಳು ಹಾಕಿ ಕಲಸಿ, ಎಣ್ಣೆ ಸವರಿದ ಮಣೆಯ ಮೇಲೆ ತೆಳ್ಳಗೆ ಲಟ್ಟಿಸಿರಿ. ಬಿಸಿ ಇರುವಾಗಲೇ ಎರಡು ಬೆರಳು ಅಗಲ, ಮೂರು ಬೆರಳು ಉದ್ದಕ್ಕೆ ಕತ್ತರಿಸಿರಿ. ಆರಿದ ಮೇಲೆ ಕತ್ತರಿಸಲು ಹೋದರೆ ಪಾಟಿ ಒಡೆಯುತ್ತದೆ. ತುರಿದ ಒಣಕೊಬ್ಬರಿಯ ಎಳೆಗಳನ್ನು ಮೇಲೆ ಒತ್ತಿದರೆ ಬಳಪದ ಗೆರೆ ಮೂಡಿದ ಹಾಗೆ ಕಾಣುತ್ತದೆ.

ಟೊಪ್ಪಿಗೆ ಅಂದರೆ ಪದವಿಯ ಟೊಪ್ಪಿಗೆ. ದೊಡ್ಡ ಕಾಲೇಜುಗಳಲ್ಲಿ ಪದವಿ ಕೊಡುವಾಗ ಕೆಲವು ಕಡೆ ಕರಿ ನಿಲುವಂಗಿ ಹಾಕಿ, ಮೇಲೆ ಚೌಕಾದ ಟೊಪ್ಪಿಗೆ ಇಡುತ್ತಾರೆ. ಅದಕ್ಕೆ ಒಂದು ಗೊಂಡೆ ಜೋತಾಡುತ್ತದೆ. ಈಗ ಪಟ್ಟಣದಲ್ಲಿ ಅಂಗನವಾಡಿಗೆ ಹೋಗುವಂಥ ಪುಟ್ಟ ಮಕ್ಕಳಿಗೂ ಅದನ್ನು ಹಾಕಿ ಫೋಟೋ ತೆಗೆಯುತ್ತಾರೆ. ನಾವು ತಿನ್ನುವ ಟೊಪ್ಪಿಗೆ ಮಾಡೋಣ. ಸಣ್ಣ ಶೇಂಗಾ ಉಂಡಿ ಕಟ್ಟಿರಿ. ಕೆಳಗೆ ಒತ್ತಿ ಚಪ್ಪಟೆ ಮಾಡಿರಿ. ಮೇಲೆ ಚೌಕಾಗಿ ಕತ್ತರಿಸಿದ ಕಪ್ಪು ಚಿಕ್ಕಿಯನ್ನು ಒಂದು ಹನಿ ಪಾಕದಿಂದ ಅಂಟಿಸಿರಿ. ಹುರಿದ ಶಾವಿಗೆಯ ಎರಡು ಎಳೆ ಅಂಟಿಸಿದರೆ ಗೊಂಡೆ. ಶೇಂಗಾ ಆರಿಸುವಾಗ ಮಾತ್ರ ಕಣ್ಣಿಟ್ಟು ನೋಡಿರಿ. ಬೂಷ್ಟು ಹಿಡಿದ, ಮುದುಡಿದ, ಕಪ್ಪಾದ ಕಾಳನ್ನು ಬಿಸಾಡಿರಿ. ಆ ಬೂಷ್ಟಿನ ವಿಷ ಲಿವರಿಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ.

ಸರ್ಟಿಫಿಕೇಟಿನ ಸುರುಳಿಗೆ ತೆಳ್ಳನೆಯ ಚಪಾತಿ ಬೇಕು. ಖಡಕ್ ರೊಟ್ಟಿ ಸುತ್ತಲು ಬರುವುದಿಲ್ಲ! ಚಪಾತಿಗೆ ತುಸು ಎಣ್ಣೆ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ, ಬಿಗಿಯಾಗಿ ಸುತ್ತಿರಿ. ಉಳ್ಳಾಗಡ್ಡಿ ತಪ್ಪಲನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ದಾರದಂತೆ ಮೆತ್ತಗಾಗುತ್ತದೆ. ಅದರಿಂದ ಸುರುಳಿ ಕಟ್ಟಿರಿ. ಇದನ್ನು ಅದೇ ದಿನ ಬೆಳಿಗ್ಗೆ ಮಾಡಬೇಕು. ಉಳಿದವನ್ನು ಹಿಂದಿನ ವಾರವೇ ಮಾಡಿ ಡಬ್ಬಿಯಲ್ಲಿ ತುಂಬಬಹುದು. ಗಜ್ಜರಿಯನ್ನು ಪೆನ್ಸಿಲಿನ ಹಾಗೆ ಚೂಪು ಮಾಡಿ ಇಡಬಹುದು. ಅದನ್ನು ಕೊಡುವ ಹೊತ್ತಿಗೇ ಕತ್ತರಿಸಿರಿ.

ಬಣ್ಣ ಮತ್ತು ಕಾಗದ

“ಕೆಂಪು ಬಣ್ಣ ಹಾಕಿದ್ರ ಚಂದ ಕಾಣ್ತಾವ” ಅಂತ ಮಕ್ಕಳು ಹೇಳುತ್ತಾರೆ. ಅಂಗಡಿಯ ಬಣ್ಣದ ಪುಡಿ ಬೇಡ. ಬಟ್ಟೆಗೆ ಹಾಕುವ ಬಣ್ಣವನ್ನೇ ತಿಂಡಿಗೆ ಹಾಕುವವರು ಇದ್ದಾರೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಣ್ಣ ಹಾಕಿದ ಬಾಂಬೆ ಮಿಠಾಯಿ ಮಾರುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದಾಗ ಅವುಗಳಲ್ಲಿ ರೋಡಮೈನ್ ಎಂಬ ಬಟ್ಟೆಯ ಬಣ್ಣ ಸಿಕ್ಕಿತ್ತು. ನಮಗೆ ಅರಿಶಿನ ಇದೆ, ಖಾರಪುಡಿ ಇದೆ. ಕರಿದರೂ ಅವುಗಳ ಬಣ್ಣ ನಿಲ್ಲುತ್ತದೆ. ಬೀಟ್‌ರೂಟಿನ ಕೆಂಪು ಎಣ್ಣೆಯಲ್ಲಿ ಕಂದಾಗುತ್ತದೆ. ಅದನ್ನು ಚಪಾತಿ ಹಿಟ್ಟಿಗೆ ಹಾಕಿರಿ, ಅಲ್ಲಿ ಚಂದ.

ಪುಠಾಣಿ, ಎಣ್ಣೆಯ ಪ್ಯಾಕೆಟ್ ಕೊಳ್ಳುವಾಗ ಓದಿರಿ. ಮಾಡಿದ ದಿನಾಂಕ, ಬಳಸಬೇಕಾದ ಕೊನೆಯ ದಿನಾಂಕ ಇರುತ್ತವೆ. ಅಕ್ಷರ ಇಂಗ್ಲಿಷಿನದಾದರೂ ಅಂಕಿ ನಿಮಗೆ ಬರುತ್ತದೆ. ಸಾಮಾನ್ಯವಾಗಿ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಆಹಾರ ಇಲಾಖೆಯ 14 ಅಂಕಿಯ ಲೈಸೆನ್ಸ್ ನಂಬರೂ ಇರಬೇಕು. ಎಣಿಸಿ ನೋಡಿರಿ. ಅಂಗಡಿಯವನು “ಏನ್ ನೋಡ್ತೀಯಬೇ?” ಅಂದರೆ “ಓದಾಕತ್ತೀನಿ” ಅನ್ನಿರಿ.

ತಿಂಡಿಯನ್ನು ಪೇಪರಿನ ಪೊಟ್ಟಣದಲ್ಲಿ ಕಟ್ಟಿಕೊಡುವ ರೂಢಿ ಇದೆ. ಅಚ್ಚಾದ ಪೇಪರು ಬೇಡ. ಹಳೆಯ ನೋಟುಬುಕ್ಕಿನ ಹಾಳೆಯೂ ಬೇಡ. ಬಿಸಿ ತಿಂಡಿಯ ಎಣ್ಣೆಗೆ ಮಸಿ ಕರಗಿ ಹೊಟ್ಟೆಗೆ ಹೋಗುತ್ತದೆ. ಮಸಿಯಲ್ಲಿ ಸೀಸದಂಥ ವಿಷ ಇರಬಹುದು. ಮುತ್ತಲ ಎಲೆ, ಬಾಳೆ ಎಲೆಯ ದೊನ್ನೆ ಮಾಡಿರಿ. ಜರ್ಮನಿ ದೇಶದಲ್ಲಿ ಮಗು ಶಾಲೆಗೆ ಸೇರುವ ದಿನ ದೊಡ್ಡದಾದ ರಟ್ಟಿನ ಶಂಕುವಿನಲ್ಲಿ ಮಿಠಾಯಿ ತುಂಬಿ ಕೊಡುತ್ತಾರೆ. ಅವರು ಶಾಲೆಗೆ ಬರುವಾಗ ಕೊಡುತ್ತಾರೆ, ನಾವು ಹೋಗುವಾಗ ಕೊಡುತ್ತೇವೆ.

ಬೀಳ್ಕೊಡುವುದು ಎಲ್ಲಿಗೆ?

ಕೋಡುಬಳೆ ಹೊಸೆಯುವಾಗ ನಾಲ್ಕು ಜನ ಕೂಡುತ್ತಾರೆ. ಕೈ ಕೆಲಸ ಮಾಡುತ್ತದೆ, ಬಾಯಿ ಮಾತಾಡುತ್ತದೆ. ಮಾತು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತು.

“ನಿನ್ನ ಮಗಳಿಗೆ ಹತ್ತು ಮುಗೀತು. ಮುಂದೇನು?”

“ಮುಂದೇನೈತಿ, ಕಡೀಗೆ ಮದುವಿ. ಗಂಡು ನೋಡ್ಯಾರ.”

“ಆಕೀಗೆ ಹದಿನಾರು ಅಲ್ಲೇನು?”

“ಹೂಂ. ಆದ್ರ ಮಂದಿ ಏನಂತಾರ?”

ಹತ್ತನೇ ತರಗತಿ ಮುಗಿಯುವಾಗ ಹುಡುಗಿಗೆ ಹದಿನೈದೋ ಹದಿನಾರೋ ವರ್ಷ. ಕಾನೂನಿನ ಪ್ರಕಾರ ಮದುವೆಗೆ ಹುಡುಗಿಗೆ 18 ತುಂಬಿರಬೇಕು, ಹುಡುಗನಿಗೆ 21. ಇದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆ. ಅಂಥ ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಯಾರಾದರೂ ಇಂಥ ಮದುವೆ ಗೊತ್ತು ಮಾಡಿದ್ದರೆ 1098ಕ್ಕೆ ಫೋನ್ ಮಾಡಬಹುದು. ಅದಕ್ಕೆ ದುಡ್ಡು ಇಲ್ಲ. ಹುಡುಗಿಯೇ ಮಾಡಬಹುದು, ಗೆಳತಿಯೂ ಮಾಡಬಹುದು. ಈ ನಂಬರನ್ನು ಕೋಡುಬಳೆ ಹಿಟ್ಟಿನಲ್ಲಿ ಮಾಡಿ ತಟ್ಟೆಯ ನಡುವೆ ಇಟ್ಟರೆ ಮಕ್ಕಳು ಮರೆಯುವುದಿಲ್ಲ. ನಾಲ್ಕೇ ಅಂಕಿ. ೧, ೦, ೯, ೮.

“ಓದಸಾಕ ಮಾನ್ವಿಗೆ ಕಳಿಸಬೇಕಲ್ಲ, ದಿನಾ ಬಸ್ ಖರ್ಚು ಯಾರ ಕೊಡ್ತಾರ?” ಅಂತ ಕೇಳುವವರು ಇದ್ದಾರೆ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಇಲ್ಲ. ಅದಕ್ಕೆ ಶಕ್ತಿ ಯೋಜನೆ ಅನ್ನುತ್ತಾರೆ. ಬಸ್ಸು ಹೊತ್ತಿಗೆ ಬರುವುದು ಬೇರೆ ಮಾತು. ಅದನ್ನು ಗ್ರಾಮಸಭೆಯಲ್ಲಿ ಕೇಳಬೇಕು, ಅರ್ಜಿ ಬರೆದು ಕೇಳಬೇಕು. ಬರೆಯುವುದು ಈಗ ನಿಮಗೆ ಬರುತ್ತದೆ.

ಇನ್ನು ಫೇಲಾದ ಹುಡುಗಿ. ಫೇಲಾದಳು ಅಂದ ಕೂಡಲೇ ಮನೆಯಲ್ಲಿ ಕೂಡಿಸಿ ಗಂಡು ಹುಡುಕಲು ಶುರು ಮಾಡುತ್ತಾರೆ. 2024ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ ಒಂದು, ಪರೀಕ್ಷೆ ಎರಡು ಅಂತ ಮಾಡಿದ್ದಾರೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು. ಒಂದು ವರ್ಷ ಕಾಯಬೇಕಿಲ್ಲ. ಫೀಸು ಕಟ್ಟುವ ಕೊನೆಯ ದಿನ ಯಾವುದು ಅಂತ ಶಾಲೆಯಲ್ಲಿ ಕೇಳಿರಿ. ಮುರಿದ ಕೋಡುಬಳೆಯ ಹಿಟ್ಟನ್ನು ನಾವು ಬಿಸಾಡುತ್ತೇವೇನು? ಮತ್ತೆ ನಾದಿ ಹೊಸೆಯುತ್ತೇವೆ.

ನಿಮಗೂ ಒಂದು ಪರೀಕ್ಷೆ ಇದೆ. 15 ವರ್ಷ ದಾಟಿದ, ಶಾಲೆ ಕಲಿಯದ ಯಾರೇ ಆದರೂ ಬರೆಯಬಹುದು. 2022ರಲ್ಲಿ ಶುರುವಾದ ಹೊಸ ಸಾಕ್ಷರತಾ ಕಾರ್ಯಕ್ರಮದ್ದು. ಅದಕ್ಕೆ ಉಲ್ಲಾಸ್ ಅನ್ನುತ್ತಾರೆ. ಒಟ್ಟು 150 ಅಂಕ. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಪಾಸಾದರೆ ಸರ್ಟಿಫಿಕೇಟ್ ಕೊಡುತ್ತಾರೆ. ಅವ್ವನೂ ಮಗಳೂ ಒಂದೇ ವರ್ಷ ಪರೀಕ್ಷೆ ಬರೆದರೆ ತಿಂಡಿ ಎರಡು ಸಲ ಮಾಡಬೇಕಿಲ್ಲ. ಒಂದೇ ತಟ್ಟೆಯಲ್ಲಿ ಇಬ್ಬರ ಹೆಸರನ್ನೂ ಜೋಡಿಸಬಹುದು.

ಓದಿರಿ, ಮಾಡಿರಿ, ಬರೆಯಿರಿ

ನಿಮ್ಮ ಮಗಳ ತರಗತಿಯಲ್ಲಿ ಎಷ್ಟು ಮಕ್ಕಳು? ಒಬ್ಬರಿಗೆ 2 ಕೋಡುಬಳೆಯಂತೆ ಎಷ್ಟು ಬೇಕು? ಎಷ್ಟು ಗ್ರಾಂ ಹಿಟ್ಟು ನಾದಬೇಕು?

ನಿಮ್ಮೂರ ಅಂಗಡಿಯಲ್ಲಿ ಪುಠಾಣಿ, ಬೆಲ್ಲ, ಶೇಂಗಾ, ಎಣ್ಣೆಯ ಇವತ್ತಿನ ದರ ಕೇಳಿ ಬರೆಯಿರಿ. ಒಟ್ಟು ಕೂಡಿಸಿರಿ. ಅದನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಒಬ್ಬರಿಗೆ ಎಷ್ಟು ಖರ್ಚು ಬಂತು?

ಈ ಹೆಸರುಗಳಲ್ಲಿ ಒತ್ತಕ್ಷರ ಯಾವುವು? ಗೆರೆ ಎಳೆಯಿರಿ: ಹುಲಿಗೆಮ್ಮ, ಭಾಗ್ಯಶ್ರೀ, ರಜಿಯಾ, ಲಕ್ಷ್ಮಿ, ಐಶ್ವರ್ಯ.

ನಿಮ್ಮ ಪೂರ್ತಿ ಹೆಸರನ್ನು ಇಲ್ಲಿ ಬರೆಯಿರಿ. ಅದನ್ನು ಹಿಟ್ಟಿನಲ್ಲಿ ಮಾಡಲು ಎಷ್ಟು ಹುರಿ ಹೊಸೆಯಬೇಕು? ಎಷ್ಟು ಒತ್ತು ಬಿಡಿಯಾಗಿ ಕರಿಯಬೇಕು?